ಹೊಸ ಕೆಲಸ ಮೊದಲಾ, ಮಗು ಮೊದಲಾ? ನಿರ್ಧಾರಕ್ಕೆ ಮುಂಚೆ ಹಾಕಬೇಕಾದ ಲೆಕ್ಕ

"ಒಳ್ಳೆ ಆಫರ್ ಕೈಯಲ್ಲಿದೆ. ಆದರೆ ಈ ವರ್ಷ ಮಗು ಮಾಡಿಕೊಳ್ಳೋಣ ಅಂದುಕೊಂಡಿದ್ದೆವು. ಈಗ ಕೆಲಸ ಬದಲಾಯಿಸಿದರೆ ಹೆರಿಗೆ ರಜೆ ಸಿಗುತ್ತಾ? ಒಂದು ವರ್ಷ ಕಾಯಲೇಬೇಕಾ?" ಈ ಪ್ರಶ್ನೆ ನನಗೆ ಬರುತ್ತಲೇ ಇರುತ್ತದೆ. 27 ವರ್ಷದವರೂ ಕೇಳುತ್ತಾರೆ, 36 ವರ್ಷದವರೂ ಕೇಳುತ್ತಾರೆ. ಇಬ್ಬರಿಗೂ ಒಂದೇ ಉತ್ತರ ಕೊಡೋಕೆ ಆಗಲ್ಲ. ಆದರೆ ಲೆಕ್ಕ ಹಾಕುವ ದಾರಿ ಒಂದೇ, ಅದನ್ನೇ ಇಲ್ಲಿ ಹಂತ ಹಂತವಾಗಿ ಬರೆದಿದ್ದೇನೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಎಷ್ಟೋ ಹೆಣ್ಣುಮಕ್ಕಳು ಯಾರೋ ಹೇಳಿದ ತಪ್ಪು ಮಾಹಿತಿ ನಂಬಿ ಒಳ್ಳೆ ಕೆಲಸ ಬಿಟ್ಟುಕೊಡುತ್ತಾರೆ. ಇನ್ನು ಕೆಲವರು "ಈ ಅಪ್ರೈಸಲ್ ಒಂದು ಮುಗಿಯಲಿ" ಅಂತ ಮಗುವಿನ ವಿಷಯ ಮುಂದೆ ಹಾಕುತ್ತಾ ಹೋಗುತ್ತಾರೆ, ನೋಡನೋಡುತ್ತಲೇ ನಾಲ್ಕೈದು ವರ್ಷ ಆಗಿರುತ್ತದೆ. ಎರಡೂ ಕಡೆ ತೊಂದರೆ ಒಂದೇ: ತಾರೀಖು ಹಾಕಿ ಲೆಕ್ಕ ಮಾಡಿರುವುದಿಲ್ಲ.

ಶುರು ಮಾಡುವ ಮುಂಚೆ ಇಷ್ಟು ಕೈಯಲ್ಲಿರಲಿ: ಹೊಸ ಕಂಪನಿಯ ಆಫರ್ ಲೆಟರ್, ಈಗಿನ ಕಂಪನಿಯ ರಜೆ ನಿಯಮ, ಎರಡೂ ಕಡೆಯ ಆರೋಗ್ಯ ವಿಮೆಯ ವಿವರ, ಕಳೆದ ಮೂರು ತಿಂಗಳ ಸಂಬಳದ ಚೀಟಿ, ಮತ್ತೆ ಗಂಡ ಹೆಂಡತಿ ಇಬ್ಬರೂ ಫೋನ್ ಪಕ್ಕಕ್ಕಿಟ್ಟು ಕೂರುವ ಒಂದು ಸಂಜೆ.

1. ಮೊದಲು ದೇಹದ ಲೆಕ್ಕ

ಕೆಲಸ ಇನ್ನೊಂದು ಸಿಗುತ್ತದೆ, ವಯಸ್ಸು ಹಿಂದೆ ಬರಲ್ಲ. ಅದಕ್ಕೇ ಇದು ಮೊದಲ ಹಂತ. ಹೆಂಗಸರಲ್ಲಿ ಬಸಿರಾಗುವ ಶಕ್ತಿ 30 ದಾಟಿದ ಮೇಲೆ ನಿಧಾನವಾಗಿ ಇಳಿಯುತ್ತದೆ, 35ರ ನಂತರ ಬೇಗ ಇಳಿಯುತ್ತದೆ. ವೈದ್ಯರು ಸಾಮಾನ್ಯವಾಗಿ ಹೇಳುವುದು ಹೀಗೆ: 35ರ ಒಳಗಿದ್ದರೆ ಒಂದು ವರ್ಷ ಪ್ರಯತ್ನಿಸಿ, ಆಗದಿದ್ದರೆ ಬನ್ನಿ. 35 ದಾಟಿದ್ದರೆ ಆರು ತಿಂಗಳಿಗೇ ಬನ್ನಿ. ಮುಟ್ಟು ಏರುಪೇರಾಗುತ್ತಿದ್ದರೆ, ಪಿಸಿಓಎಸ್ (ಹಾರ್ಮೋನ್ ಏರುಪೇರಿನಿಂದ ಅಂಡಾಣು ಸರಿಯಾಗಿ ಬಿಡುಗಡೆಯಾಗದ ತೊಂದರೆ), ಎಂಡೊಮೆಟ್ರಿಯೋಸಿಸ್ (ಗರ್ಭಕೋಶದ ಒಳಪದರದಂಥದ್ದು ಹೊರಗೆ ಬೆಳೆಯುವ ತೊಂದರೆ) ಅಥವಾ ಥೈರಾಯ್ಡ್ ತೊಂದರೆ ಇದ್ದರೆ ಕಾಯುವುದೇ ಬೇಡ, ಈಗಲೇ ತೋರಿಸಿ.

ಆಫರ್‌ಗೆ ಹೂಂ ಅನ್ನುವ ಮುಂಚೆ ಒಂದು ಸಲ ಸ್ತ್ರೀರೋಗ ತಜ್ಞರನ್ನು ನೋಡಿ ಬನ್ನಿ. ಹಿಮೋಗ್ಲೋಬಿನ್, ಸಕ್ಕರೆ, ಥೈರಾಯ್ಡ್, ರಕ್ತದ ಗುಂಪು, ಥಲಸ್ಸೀಮಿಯಾ (ಅಪ್ಪ ಅಮ್ಮನಿಂದ ಮಗುವಿಗೆ ಬರುವ ರಕ್ತದ ಕಾಯಿಲೆ) ಪರೀಕ್ಷೆ, ರುಬೆಲ್ಲಾ (ಬಸಿರಿನಲ್ಲಿ ಬಂದರೆ ಮಗುವಿಗೆ ಅಪಾಯವಾಗುವ ಸೋಂಕು) ರೋಗನಿರೋಧಕ ಶಕ್ತಿ ಇದೆಯಾ ಅನ್ನೋದು, ಇವನ್ನು ಕೇಳಿ ಮಾಡಿಸಿಕೊಳ್ಳಿ. ರುಬೆಲ್ಲಾ ಲಸಿಕೆ ಬೇಕಾದರೆ ಹಾಕಿಸಿಕೊಂಡ ಮೇಲೆ ಕನಿಷ್ಠ ಒಂದು ತಿಂಗಳು ಬಸಿರಾಗಬಾರದು. ಫೋಲಿಕ್ ಆಸಿಡ್ ಮಾತ್ರೆ ಬಸಿರಾಗುವ ಮುಂಚಿನಿಂದಲೇ ಶುರುವಾಗಬೇಕು, ಡೋಸ್ ವೈದ್ಯರೇ ಹೇಳಲಿ. ಹಾಗಾಗಿ ನೋಟಿಸ್ ಪೀರಿಯಡ್, ಅಂದರೆ ರಾಜೀನಾಮೆ ಕೊಟ್ಟ ಮೇಲೂ ಹಳೆ ಕಂಪನಿಯಲ್ಲಿ ದುಡಿಯಬೇಕಾದ ಎರಡು ಮೂರು ತಿಂಗಳು, ಈ ತಯಾರಿಗೆ ಒಳ್ಳೆ ಸಮಯ.

ಈಗ ಎಲ್ಲರೂ ಎಎಂಎಚ್ ಪರೀಕ್ಷೆ ಮಾಡಿಸುತ್ತಾರೆ. ಅಂಡಾಶಯದಲ್ಲಿ ಅಂಡಾಣುಗಳ ಸಂಗ್ರಹ ಹೆಚ್ಚುಕಮ್ಮಿ ಎಷ್ಟಿದೆ ಅಂತ ತೋರಿಸುವ ರಕ್ತ ಪರೀಕ್ಷೆ ಅದು. ಸಹಜವಾಗಿ ಬಸಿರಾಗುತ್ತೀರಾ ಇಲ್ವಾ ಅಂತ ಅದು ಹೇಳುವುದಿಲ್ಲ. ಸಂಖ್ಯೆ ಕಮ್ಮಿ ಬಂತು ಅಂತ ಗಾಬರಿಯಲ್ಲಿ ಆಫರ್ ಬಿಡಬೇಡಿ. ಚೆನ್ನಾಗಿ ಬಂತು ಅಂತ ಇನ್ನೈದು ವರ್ಷ ನಿಶ್ಚಿಂತೆಯಿಂದ ಕೂರಲೂಬೇಡಿ.

ಗಂಡನ ವೀರ್ಯ ಪರೀಕ್ಷೆಯೂ ಶುರುವಿನಲ್ಲೇ ಆಗಲಿ. ಖರ್ಚು ಕಮ್ಮಿ, ನೋವಿಲ್ಲ. ಮಕ್ಕಳಾಗದ ಜೋಡಿಗಳಲ್ಲಿ ಸುಮಾರು ಅರ್ಧದಷ್ಟು ಕಡೆ ಗಂಡಿನ ಕಡೆಯ ಕಾರಣವೂ ಇರುತ್ತದೆ. ಹೀಗಿದ್ದೂ ನಮ್ಮ ಮನೆಗಳಲ್ಲಿ ವರ್ಷಗಟ್ಟಲೆ ಹೆಂಗಸಿಗೇ ಪರೀಕ್ಷೆ ಮೇಲೆ ಪರೀಕ್ಷೆ ಮಾಡಿಸುತ್ತಾರೆ. ಇದು ನಿಲ್ಲಬೇಕು.

ಐವಿಎಫ್, ಅಂದರೆ ಅಂಡಾಣು ಮತ್ತು ವೀರ್ಯವನ್ನು ದೇಹದ ಹೊರಗೆ ಸೇರಿಸಿ ಭ್ರೂಣವನ್ನು ಗರ್ಭಕೋಶಕ್ಕೆ ಇಡುವ ಚಿಕಿತ್ಸೆ, ಬೇಕಾಗಬಹುದು ಅಂತ ವೈದ್ಯರು ಹೇಳಿದ್ದರೆ ಲೆಕ್ಕ ಪೂರ್ತಿ ಬೇರೆ. ಒಂದು ಸುತ್ತಿನಲ್ಲಿ ಹತ್ತು ಹನ್ನೆರಡು ದಿನ ಇಂಜೆಕ್ಷನ್, ಆ ದಿನಗಳಲ್ಲಿ ಮತ್ತೆ ಮತ್ತೆ ಸ್ಕ್ಯಾನಿಂಗ್, ಆಮೇಲೆ ಅಂಡಾಣು ತೆಗೆಯುವ ದಿನ ಅರಿವಳಿಕೆ. ಹೊಸ ಕಂಪನಿಯಲ್ಲಿ ಪ್ರೊಬೇಷನ್, ಅಂದರೆ ಕೆಲಸ ಖಾಯಂ ಆಗುವ ಮುಂಚಿನ ಪರೀಕ್ಷೆಯ ಅವಧಿ, ಇರುವಾಗ ಇಷ್ಟು ರಜೆ ಕೇಳುವುದು ಕಷ್ಟ. ಅಂಥವರು ಹಳೆ ಕೆಲಸದಲ್ಲೇ ಇದ್ದು ಒಂದು ಸುತ್ತು ಮುಗಿಸುವುದು ಒಳ್ಳೆಯದು ಅನ್ನೋದು ನನ್ನ ಅಭಿಪ್ರಾಯ.

2. ಕಾನೂನು ನಿಜವಾಗಿ ಏನು ಹೇಳುತ್ತದೆ

"ಹೊಸ ಕಂಪನಿಯಲ್ಲಿ ಒಂದು ವರ್ಷ ಆಗದೆ ಹೆರಿಗೆ ರಜೆ ಇಲ್ಲ." ಇದು ಎಲ್ಲರ ಬಾಯಲ್ಲೂ ಇರುವ ಮಾತು. ಇದು ತಪ್ಪು.

1961ರ ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ತಿದ್ದುಪಡಿ ಆಗಿ ಮೊದಲ ಎರಡು ಮಕ್ಕಳಿಗೆ 26 ವಾರ ಸಂಬಳ ಸಹಿತ ರಜೆ ಬಂತು. ಅದೇ ನಿಯಮಗಳು 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಇವೆ. ಹತ್ತು ಅಥವಾ ಅದಕ್ಕಿಂತ ಜಾಸ್ತಿ ಜನ ಇರುವ ಅಂಗಡಿ, ಆಫೀಸು, ಕಂಪನಿಗಳಿಗೆ ಇದು ಅನ್ವಯಿಸುತ್ತದೆ. ಷರತ್ತು ಇಷ್ಟೇ: ಹೆರಿಗೆಯ ಅಂದಾಜು ದಿನಕ್ಕೆ ಹಿಂದಿನ 12 ತಿಂಗಳಲ್ಲಿ, ರಜೆ ಕೇಳುತ್ತಿರುವ ಅದೇ ಕಂಪನಿಯಲ್ಲಿ, ಕನಿಷ್ಠ 80 ದಿನ ಕೆಲಸ ಮಾಡಿರಬೇಕು.

ವಾರಕ್ಕೆ 5 ದಿನದ ಕೆಲಸವಾದರೆ 80 ದಿನ ಅಂದರೆ 16 ವಾರ. ಬಸಿರು 40 ವಾರ. ಅಂದರೆ ಬಸಿರಾಗಿ 20ನೇ ವಾರದಲ್ಲಿ ಹೊಸ ಕೆಲಸಕ್ಕೆ ಸೇರಿದವರಿಗೂ 36ನೇ ವಾರದ ಹೊತ್ತಿಗೆ 80 ದಿನ ತುಂಬುತ್ತದೆ. ಇನ್ನೂ ಬಸಿರೇ ಆಗದ ನೀವು ಒಂದು ವರ್ಷ ಕಾಯಬೇಕು ಅಂತ ಕೂರುವುದು ಸುಮ್ನೆ, ಅಲ್ವಾ? ನಡುವೆ ಸಂಬಳವಿಲ್ಲದ ರಜೆ ಜಾಸ್ತಿ ಹಾಕಿದರೆ ಮಾತ್ರ ಈ ಲೆಕ್ಕ ಏರುಪೇರಾಗುತ್ತದೆ, ಅದನ್ನು ನೋಡಿಕೊಳ್ಳಿ.

ಹೆಚ್ಚು ಜನರಿಗೆ ಗೊತ್ತಿಲ್ಲದ ಇನ್ನಷ್ಟು ವಿಷಯ ಇಲ್ಲಿವೆ. ರಜೆಯ ಸಂಬಳವನ್ನು ರಜೆಗೆ ಹೋಗುವ ಮುಂಚಿನ ಮೂರು ತಿಂಗಳ ಸರಾಸರಿಯ ಮೇಲೆ ಲೆಕ್ಕ ಹಾಕುತ್ತಾರೆ, ಹಾಗಾಗಿ ಹೊಸ ಕಂಪನಿಯ ಹೆಚ್ಚಿದ ಸಂಬಳ ಇಲ್ಲೂ ನಿಮ್ಮ ಪರವಾಗಿಯೇ ಇರುತ್ತದೆ. 26 ವಾರದಲ್ಲಿ ಹೆರಿಗೆಗೆ ಮುಂಚೆ ಗರಿಷ್ಠ 8 ವಾರ ತೆಗೆದುಕೊಳ್ಳಬಹುದು. ಎಂಟೂ ವಾರ ಮೊದಲೇ ಮುಗಿಸಿದರೆ ಹೆರಿಗೆ ಆದ ಮೇಲೆ ಉಳಿಯುವುದು 18 ವಾರ, ಮಗುವಿಗೆ ನಾಲ್ಕು ತಿಂಗಳು ತುಂಬಿ ಸ್ವಲ್ಪ ದಿನಕ್ಕೇ ನೀವು ಆಫೀಸಿನಲ್ಲಿರಬೇಕು. ಗರ್ಭಪಾತ ಆದರೆ 6 ವಾರ ಸಂಬಳದ ರಜೆ ಇದೆ. ಬಸಿರಿನಿಂದಲೋ ಹೆರಿಗೆಯಿಂದಲೋ ಆರೋಗ್ಯ ಕೆಟ್ಟರೆ ದಾಖಲೆ ಕೊಟ್ಟು ಇನ್ನೊಂದು ತಿಂಗಳು ಪಡೆಯಬಹುದು. ಹೆರಿಗೆ ರಜೆಯಲ್ಲಿ ಇರುವವರನ್ನು ಆ ಕಾರಣಕ್ಕೆ ಕೆಲಸದಿಂದ ತೆಗೆಯುವುದು ಕಾನೂನುಬಾಹಿರ.

ಎಚ್ಚರ: ಸಂಬಳ ತಿಂಗಳಿಗೆ 21,000 ರೂಪಾಯಿಯೊಳಗೆ ಇದ್ದು ನೀವು ಇಎಸ್ಐ, ಅಂದರೆ ಕಾರ್ಮಿಕರ ರಾಜ್ಯ ವಿಮೆಯಲ್ಲಿದ್ದರೆ ಷರತ್ತು ಬೇರೆ. ಅಲ್ಲಿ ಹಿಂದಿನ ಎರಡು ವಂತಿಗೆ ಅವಧಿಗಳಲ್ಲಿ ಒಟ್ಟು 70 ದಿನದ ವಂತಿಗೆ ಕಟ್ಟಿರಬೇಕು. ಒಂದು ವಂತಿಗೆ ಅವಧಿ ಅಂದರೆ ಆರು ತಿಂಗಳು, ಏಪ್ರಿಲ್‌ನಿಂದ ಸೆಪ್ಟೆಂಬರ್, ಅಕ್ಟೋಬರ್‌ನಿಂದ ಮಾರ್ಚ್. ಕೆಲಸ ಬದಲಾಯಿಸಿದರೂ ವಿಮೆಯ ಸಂಖ್ಯೆ ಅದೇ ಇರುತ್ತದೆ, ಹಳೆ ದಿನಗಳು ಲೆಕ್ಕಕ್ಕೆ ಬರುತ್ತವೆ. ಆದರೆ 20,000ದಿಂದ 23,000 ಸಂಬಳದ ಹೊಸ ಕೆಲಸಕ್ಕೆ ಹೋದರೆ ನೀವು ಇಎಸ್ಐನಿಂದ ಹೊರಗೆ ಬರುತ್ತೀರಿ, ಆಗ ಕಂಪನಿಯೇ ರಜೆಯ ಸಂಬಳ ಕೊಡಬೇಕು, 80 ದಿನದ ಷರತ್ತು ಹೊಸದಾಗಿ ಶುರು. ಗಾರ್ಮೆಂಟ್ಸ್, ಅಂಗಡಿ, ಕಾಲ್ ಸೆಂಟರ್ ಕೆಲಸದವರು ಸೇರುವ ಮುಂಚೆ ಇದನ್ನು ಬಿಡದೆ ಕೇಳಿ.

ಗುತ್ತಿಗೆಯಲ್ಲಿ ಇರುವವರಿಗೆ ಒಂದು ಮಾತು. ಹೆರಿಗೆ ಸೌಲಭ್ಯ ಗುತ್ತಿಗೆಯ ಅವಧಿ ಮುಗಿಯುವುದರ ಜೊತೆಗೆ ಮುಗಿದುಹೋಗುವುದಿಲ್ಲ, ಅದು ಅವಧಿಯ ಆಚೆಗೂ ಮುಂದುವರಿಯಬಹುದು ಅಂತ ಸುಪ್ರೀಂ ಕೋರ್ಟ್ 2023ರಲ್ಲಿ ಹೇಳಿದೆ. ಸಂಬಳ ಕೊಡುತ್ತಿರುವವರು ಏಜೆನ್ಸಿಯೋ ಕಂಪನಿಯೋ ಅಂತ ಕಾಗದದಲ್ಲಿ ನೋಡಿಕೊಳ್ಳಿ.

ಸರ್ಕಾರಿ ಕೆಲಸ ಸಿಕ್ಕಿದ್ದರೆ ಜಾಸ್ತಿ ಯೋಚಿಸಬೇಕಾಗಿಲ್ಲ. ಕೇಂದ್ರ ಸರ್ಕಾರದಲ್ಲಿ 180 ದಿನ ಹೆರಿಗೆ ರಜೆ, ತಂದೆಗೆ 15 ದಿನ, ಅದರ ಮೇಲೆ ಇಡೀ ಸೇವೆಯಲ್ಲಿ 730 ದಿನದವರೆಗೆ ಶಿಶುಪಾಲನಾ ರಜೆ ಇದೆ. ಅಲ್ಲಿ ಚಿಂತೆ ಇರುವುದು ವರ್ಗಾವಣೆಯದ್ದು ಮಾತ್ರ.

3. ವಿಮೆ ನೋಡಿ, ರಜೆಯಷ್ಟೇ ಮುಖ್ಯ

ಕಂಪನಿಗಳು ಕೊಡುವ ಗುಂಪು ವಿಮೆಯಲ್ಲಿ ಹೆರಿಗೆ ಖರ್ಚು ಎಷ್ಟೋ ಕಡೆ ಸೇರಿದ ದಿನದಿಂದಲೇ ಸಿಗುತ್ತದೆ. ಕೆಲವು ಕಡೆ 9 ತಿಂಗಳು ಕಾಯಬೇಕು. ನೀವೇ ಸ್ವಂತವಾಗಿ ತೆಗೆದುಕೊಂಡ ಪಾಲಿಸಿಯಲ್ಲಿ ಹೆರಿಗೆಗೆ ಎರಡರಿಂದ ನಾಲ್ಕು ವರ್ಷ ಕಾಯುವ ಷರತ್ತು ಸಾಮಾನ್ಯ. ಹಾಗಾಗಿ ಹೊಸ ಕಂಪನಿಯ ಎಚ್‌ಆರ್‌ಗೆ "ನಿಮ್ಮ ವಿಮೆಯ ಪೂರ್ತಿ ವಿವರ ಕಳಿಸಿ" ಅಂತ ಒಂದು ಮೇಲ್ ಹಾಕಿ. ಹೆರಿಗೆ ಅಂತ ಹೆಸರೆತ್ತಬೇಕಾಗಿಲ್ಲ, ವಿವರ ಬಂದ ಮೇಲೆ ನೀವೇ ಹುಡುಕಿಕೊಳ್ಳಿ. ಸಹಜ ಹೆರಿಗೆಗೆ ಎಷ್ಟು ಮಿತಿ, ಸಿಸೇರಿಯನ್‌ಗೆ ಎಷ್ಟು, ಹುಟ್ಟಿದ ಮಗು ಮೊದಲ ದಿನದಿಂದ ವಿಮೆಗೆ ಸೇರುತ್ತದಾ, ಐವಿಎಫ್ ಸೇರಿದೆಯಾ (ಬಹಳಷ್ಟು ಪಾಲಿಸಿಗಳಲ್ಲಿ ಇರುವುದಿಲ್ಲ).

ಮಗು ಮೊದಲ ದಿನದಿಂದ ಸೇರುವುದು ಯಾಕೆ ಮುಖ್ಯ ಅಂದರೆ, ತಿಂಗಳು ತುಂಬದೆ ಹುಟ್ಟಿದ ಮಗುವನ್ನು ನವಜಾತ ಶಿಶುಗಳ ತೀವ್ರ ನಿಗಾ ಘಟಕದಲ್ಲಿ ಇಡಬೇಕಾಗಿ ಬಂದರೆ ಅಲ್ಲಿನ ಖರ್ಚು ದಿನ ಕಳೆದಂತೆ ಹೆರಿಗೆಯ ಖರ್ಚನ್ನೇ ಮೀರಿಸಿಬಿಡಬಹುದು. ಗಂಡನ ಕಂಪನಿಯ ವಿಮೆಯಲ್ಲಿ ನೀವು ಈಗಾಗಲೇ ಇದ್ದರೆ ಅದರ ವಿವರವನ್ನೂ ತೆಗೆಯಿರಿ. ಆಗ ನಿಮ್ಮ ಕೆಲಸ ಬದಲಾದರೂ ಒಂದು ಆಸರೆ ಇರುತ್ತದೆ.

4. ಆಫರ್ ಲೆಟರ್‌ನ ಸಣ್ಣ ಅಕ್ಷರ

ಮೂರು ಜಾಗ ಓದಿ. ಪ್ರೊಬೇಷನ್ ಎಷ್ಟು ತಿಂಗಳು, ಆ ಅವಧಿಯಲ್ಲಿ ಎಷ್ಟು ದಿನದ ನೋಟಿಸ್‌ನಲ್ಲಿ ತೆಗೆಯಬಹುದು. ಜಾಯ್ನಿಂಗ್ ಬೋನಸ್ ಕೊಟ್ಟಿದ್ದರೆ ಎಷ್ಟು ತಿಂಗಳೊಳಗೆ ಬಿಟ್ಟರೆ ವಾಪಸ್ ಕಟ್ಟಬೇಕು, ಹೆರಿಗೆ ರಜೆಯ ತಿಂಗಳುಗಳು ಆ ಲೆಕ್ಕಕ್ಕೆ ಸೇರುತ್ತವಾ. ವರ್ಷದ ಬೋನಸ್, ಷೇರು, ಹೈಕ್ ಇವು ರಜೆಯ ಸಮಯದಲ್ಲಿ ಏನಾಗುತ್ತವೆ. ಕೊನೆಯದನ್ನು ಕಾನೂನು ಪೂರ್ತಿ ಕಾಪಾಡುವುದಿಲ್ಲ, ಕಂಪನಿಯ ನಿಯಮವೇ ನಡೆಯುತ್ತದೆ. ಕೆಲಸಕ್ಕೆ ಸೇರುವಾಗಲೇ ಹೆರಿಗೆ ಸೌಲಭ್ಯಗಳನ್ನು ಬರವಣಿಗೆಯಲ್ಲಿ ತಿಳಿಸಬೇಕು ಅಂತ 2017ರ ತಿದ್ದುಪಡಿ ಹೇಳುತ್ತದೆ, ಹಾಗಾಗಿ ಕೇಳಲು ಮುಜುಗರ ಬೇಡ.

5. ಎರಡು ಕ್ಯಾಲೆಂಡರ್ ಪಕ್ಕಪಕ್ಕ ಬರೆಯಿರಿ

ಒಂದು ಉದಾಹರಣೆ ನೋಡಿ. ನಿಮಗೆ 31 ವರ್ಷ. ಅಕ್ಟೋಬರ್‌ನಲ್ಲಿ ರಾಜೀನಾಮೆ ಕೊಡುತ್ತೀರಿ, 90 ದಿನದ ನೋಟಿಸ್ ಮುಗಿಸಿ ಜನವರಿಯಲ್ಲಿ ಹೊಸ ಕೆಲಸಕ್ಕೆ ಸೇರುತ್ತೀರಿ. ಏಪ್ರಿಲ್‌ನಿಂದ ಮಗುವಿಗೆ ಪ್ರಯತ್ನ. ಮೊದಲ ತಿಂಗಳೇ ಬಸಿರಾದರೂ ಹೆರಿಗೆ ಮುಂದಿನ ಜನವರಿಗೆ. ಅಷ್ಟೊತ್ತಿಗೆ ಹೊಸ ಜಾಗದಲ್ಲಿ ನಿಮಗೆ ಒಂದು ವರ್ಷ. ಬಸಿರಾಗಲು ಇನ್ನಾರು ತಿಂಗಳು ಹಿಡಿದರೆ ಒಂದೂವರೆ ವರ್ಷ. ಕಾಗದದ ಮೇಲೆ ಬರೆದಾಗ ಎಷ್ಟೋ ಜನರ ಭಯ ಅಲ್ಲೇ ಅರ್ಧ ಇಳಿದುಹೋಗುತ್ತದೆ.

ಹಾಗಾದರೆ ಆ ಮೂರು ತಿಂಗಳ ಅಂತರ ಯಾಕೆ? ಬಸಿರಿನ ಮೊದಲ ಮೂರು ತಿಂಗಳು ವಾಂತಿ, ಸುಸ್ತು, ನಿದ್ದೆ ಜಾಸ್ತಿ. ಹೊಸ ಕೆಲಸದ ಮೊದಲ ಮೂರು ತಿಂಗಳಲ್ಲೂ ಕಲಿಯುವುದು ಜಾಸ್ತಿ, ಜನರ ಪರಿಚಯ ಕಮ್ಮಿ. ಎರಡೂ ಒಟ್ಟಿಗೆ ಬಂದರೆ ದೇಹವೂ ಸೋಲುತ್ತದೆ, ಮನಸ್ಸೂ ಸೋಲುತ್ತದೆ. ವಯಸ್ಸು ಅನುಕೂಲವಾಗಿದ್ದರೆ ಮಾತ್ರ ಈ ಅಂತರ ಇಟ್ಟುಕೊಳ್ಳಿ. 35 ದಾಟಿದ್ದರೆ ಕೆಲಸಕ್ಕೂ ಸೇರಿ, ಪ್ರಯತ್ನವನ್ನೂ ಶುರು ಮಾಡಿ. ಅಂತರ ಬೇಡ.

ಎಚ್ಚರ: "ಮಗು ಆಗಲಿ, ರಜೆ ಮುಗಿಸಿ ಆಮೇಲೆ ಕೆಲಸ ಹುಡುಕುತ್ತೇನೆ" ಅನ್ನುವವರು ಬಹಳ ಜನ. ಕೇಳಲು ಚೆನ್ನಾಗಿದೆ. ಆದರೆ ಆರು ತಿಂಗಳ ಮಗುವಿನೊಂದಿಗೆ, ರಾತ್ರಿ ನಿದ್ದೆ ಇಲ್ಲದೆ, ಇಂಟರ್‌ವ್ಯೂಗೆ ಓದುವುದು ಮತ್ತು ಹೊಸ ಟೀಮಿನಲ್ಲಿ ಮೊದಲಿನಿಂದ ಹೆಸರು ಗಳಿಸುವುದು ಇದೆಲ್ಲಕ್ಕಿಂತ ಕಷ್ಟ. ನಿಮ್ಮ ಕೆಲಸ ಗೊತ್ತಿರುವ ಜಾಗಕ್ಕೆ ವಾಪಸ್ ಹೋಗುವುದೇ ಸುಲಭ. ಆ ಜಾಗ ಯಾವುದಾಗಿರಬೇಕು ಅಂತ ಮಗುವಿಗೆ ಮುಂಚೆಯೇ ತೀರ್ಮಾನ ಮಾಡುವುದು ಒಳ್ಳೆಯದು.

ಆನ್‌ಸೈಟ್, ಅಂದರೆ ಕಂಪನಿಯೇ ವಿದೇಶಕ್ಕೆ ಕಳಿಸುವ ಅವಕಾಶ ಬಂದಿದ್ದರೆ ಆ ದೇಶದ ನಿಯಮ ಬೇರೆ. ಅಮೆರಿಕದಲ್ಲಿ ಒಕ್ಕೂಟ ಸರ್ಕಾರದ ಕಾನೂನು ಕೊಡುವುದು 12 ವಾರ ರಜೆ, ಅದೂ ಸಂಬಳ ಇಲ್ಲದೆ, 12 ತಿಂಗಳು ಮತ್ತು 1,250 ಗಂಟೆ ಕೆಲಸ ಮಾಡಿದವರಿಗೆ. ಕೆಲವು ರಾಜ್ಯಗಳಲ್ಲಿ, ಕೆಲವು ಕಂಪನಿಗಳಲ್ಲಿ ಸಂಬಳದ ರಜೆ ಇದೆ. ಅಲ್ಲಿ ಬಾಣಂತನಕ್ಕೆ ಅಮ್ಮನ ವೀಸಾ ಕೂಡ ಒಂದು ಲೆಕ್ಕ.

6. ಮಗುವನ್ನು ನೋಡಿಕೊಳ್ಳುವವರು ಯಾರು

ಇಡೀ ಲೇಖನದಲ್ಲಿ ನನಗೆ ತುಂಬಾ ಮುಖ್ಯ ಅನಿಸುವ ಹಂತ ಇದು. ಆಫರ್ ಬಂದಾಗ ಹೆಂಡತಿಯ ಕೆಲಸವನ್ನು ಮಾತ್ರ ತಕ್ಕಡಿಗೆ ಹಾಕುತ್ತಾರೆ. ಗಂಡನ ಕೆಲಸ ಕಲ್ಲಿನ ಕಂಬದ ಹಾಗೆ ಅಲ್ಲೇ ಇರುತ್ತದೆ ಅಂತ ಇಬ್ಬರೂ ಒಪ್ಪಿಕೊಂಡಿರುತ್ತಾರೆ. ಅದನ್ನೂ ಮಾತಾಡಿ. ಅವರ ಕಂಪನಿಯಲ್ಲಿ ತಂದೆಗೆ ಎಷ್ಟು ದಿನ ರಜೆ? ಖಾಸಗಿ ಕಂಪನಿಗಳಿಗೆ ಈ ವಿಷಯದಲ್ಲಿ ಕಾನೂನಿನ ಕಡ್ಡಾಯ ಇಲ್ಲ, ಕಂಪನಿಯಿಂದ ಕಂಪನಿಗೆ ಬೇರೆ. ನೈಟ್ ಶಿಫ್ಟ್ ಇದೆಯಾ? ಮಗುವಿಗೆ ಜ್ವರ ಬಂದ ದಿನ ಯಾರು ರಜೆ ಹಾಕುತ್ತಾರೆ? ನಿಮ್ಮ ಹೊಸ ಕೆಲಸ ಮಗುವಿಗೆ ಅಡ್ಡ ಬರುತ್ತದೆ ಅನಿಸಿದರೆ, ಅವರು ಸ್ವಲ್ಪ ಹಗುರದ ಪಾತ್ರಕ್ಕೆ ಹೋಗಲು ಸಾಧ್ಯವಾ? ಈ ಕೊನೆಯ ಪ್ರಶ್ನೆ ಕೇಳದೆ ಆಫರ್ ಬಿಡಬೇಡಿ.

ನಮ್ಮಲ್ಲಿ ಮೊದಲ ಬಾಣಂತನ ತವರಲ್ಲಿ ಆಗುವುದು ರೂಢಿ. ತವರು ಶಿವಮೊಗ್ಗ, ಕೆಲಸ ಬೆಂಗಳೂರು ಅಂದರೆ ಐದು ತಿಂಗಳು ಅಲ್ಲಿರುತ್ತೀರಿ, ಸರಿ. ಆರನೇ ತಿಂಗಳಿಂದ ಏನು? "ಅಮ್ಮ ಬರುತ್ತಾರೆ" ಅಂತ ಹೇಳುವ ಮುಂಚೆ ಅಮ್ಮನನ್ನೇ ಕೇಳಿ. ಅವರಿಗೆ ಮಂಡಿ ನೋವಿರಬಹುದು, ಅಪ್ಪನನ್ನು ಒಬ್ಬರೇ ಬಿಟ್ಟು ಬರುವುದು ಕಷ್ಟ ಇರಬಹುದು. ಅತ್ತೆಯವರಿಗೂ ಅಷ್ಟೇ. ಇಬ್ಬರೂ ಮೂರು ಮೂರು ತಿಂಗಳು ಬರುತ್ತಾರೆ ಅಂದರೆ ಮಗುವಿಗೆ ಹತ್ತಿರ ಹತ್ತಿರ ಒಂದು ವರ್ಷ ಆಗುತ್ತದೆ, ಆಮೇಲೆ ಡೇಕೇರ್ ಅನ್ನೋದು ಬಹಳ ಮನೆಗಳಲ್ಲಿ ನಡೆಯುವ ಏರ್ಪಾಡು.

50 ಅಥವಾ ಅದಕ್ಕಿಂತ ಜಾಸ್ತಿ ಜನ ಕೆಲಸ ಮಾಡುವ ಕಡೆ ಕೂಸುಗಳಿಗೆ ಶಿಶುಪಾಲನಾ ಕೇಂದ್ರದ ವ್ಯವಸ್ಥೆ ಇರಲೇಬೇಕು, ತಾಯಿ ದಿನಕ್ಕೆ ನಾಲ್ಕು ಸಲ ಹೋಗಿ ಬರಬಹುದು ಅಂತ ಕಾನೂನಿದೆ. ಹೊಸ ಕಂಪನಿಯಲ್ಲಿ ಅದು ಎಲ್ಲಿದೆ ಅಂತ ಕೇಳಿ. ವೈಟ್‌ಫೀಲ್ಡ್ ಆಫೀಸಿಗೆ ಜಯನಗರದ ಡೇಕೇರ್ ಜೊತೆ ಒಪ್ಪಂದ ಇದ್ದರೆ ಪ್ರಯೋಜನ ಇಲ್ಲ. ಮನೆ, ಆಫೀಸು, ಡೇಕೇರ್ ಮೂರರ ನಡುವೆ ಸಂಜೆ ಟ್ರಾಫಿಕ್‌ನಲ್ಲಿ ಎಷ್ಟು ಹೊತ್ತು ಬೇಕು ಅಂತ ಒಂದು ದಿನ ಹೋಗಿ ನೋಡಿ. 30 ಪರ್ಸೆಂಟ್ ಹೈಕ್‌ಗಿಂತ 20 ನಿಮಿಷದ ದಾರಿ ಮೊದಲ ಎರಡು ವರ್ಷ ಜಾಸ್ತಿ ಬೆಲೆಬಾಳುತ್ತದೆ. ರಜೆ ಮುಗಿದ ಮೇಲೆ ಮನೆಯಿಂದ ಕೆಲಸ ಮಾಡಲು ಇಬ್ಬರೂ ಒಪ್ಪಿದರೆ ಅವಕಾಶ ಇದೆ ಅಂತಲೂ ಕಾನೂನು ಹೇಳುತ್ತದೆ, ಆದರೆ ಮ್ಯಾನೇಜರ್ ಬಾಯಿಮಾತಿನಲ್ಲಿ ಹೇಳಿದ್ದು ಸಾಲದು, ಮೇಲ್‌ನಲ್ಲಿ ಇರಲಿ.

7. ಇಂಟರ್‌ವ್ಯೂನಲ್ಲಿ ಏನು ಹೇಳಬೇಕು

"ಮದುವೆ ಆಗಿ ಎಷ್ಟು ವರ್ಷ? ಮಕ್ಕಳ ಪ್ಲಾನ್ ಇದೆಯಾ?" ಇನ್ನೂ ಕೇಳುತ್ತಾರೆ. ನಿಮ್ಮ ಪ್ಲಾನ್ ಹೇಳುವ ಬಾಧ್ಯತೆ ನಿಮಗಿಲ್ಲ. ಜೀವ ವಿಮಾ ನಿಗಮದಲ್ಲಿ ಕೆಲಸಕ್ಕೆ ಸೇರುವವರ ಅರ್ಜಿಯಲ್ಲಿ ಮುಟ್ಟು, ಬಸಿರಿನ ವಿವರ ಕೇಳುತ್ತಿದ್ದ ಕಾಲವೊಂದಿತ್ತು. ತಪ್ಪು ವಿವರ ಕೊಟ್ಟರು ಅಂತ ಪ್ರೊಬೇಷನ್‌ನಲ್ಲಿದ್ದ ಒಬ್ಬ ಉದ್ಯೋಗಿಯನ್ನು ತೆಗೆದರು. 1991ರಲ್ಲಿ ಸುಪ್ರೀಂ ಕೋರ್ಟ್ ಅವರನ್ನು ವಾಪಸ್ ಸೇರಿಸಿಕೊಳ್ಳಲು ಹೇಳಿ, ಇಂಥ ಪ್ರಶ್ನೆಗಳು ಹೆಣ್ಣಿನ ಮರ್ಯಾದೆಗೆ ತಕ್ಕುದಲ್ಲ, ಅರ್ಜಿಯಿಂದ ತೆಗೆಯಿರಿ ಅಂತ ಹೇಳಿತು. ಹಾಗಾಗಿ ಶಾಂತವಾಗಿ ಹೇಳಿ: "ಮನೆ ವಿಷಯ ನಾವು ನೋಡಿಕೊಳ್ಳುತ್ತೇವೆ ಸರ್, ಕೆಲಸದ ಬಗ್ಗೆ ಏನು ಬೇಕಾದರೂ ಕೇಳಿ." ಸುಳ್ಳು ಹೇಳುವುದು ಮಾತ್ರ ಬೇಡ. "ಇನ್ನು ಮೂರು ವರ್ಷ ಮಕ್ಕಳಿಲ್ಲ" ಅಂತ ಮಾತು ಕೊಟ್ಟರೆ ಆಮೇಲೆ ಆ ಮಾತೇ ನಿಮ್ಮ ತಲೆ ಮೇಲೆ ಕೂರುತ್ತದೆ.

8. ನಡುವಲ್ಲೇ ಬಸಿರಾದರೆ

ಇದು ಆಗುತ್ತದೆ, ಗಾಬರಿ ಬೇಡ. ಆಫರ್ ಬಂದಿದೆ, ಇನ್ನೂ ರಾಜೀನಾಮೆ ಕೊಟ್ಟಿಲ್ಲ ಅಂದರೆ ಎರಡೂ ದಾರಿ ತೆರೆದಿವೆ. 80 ದಿನದ ಲೆಕ್ಕ ಇನ್ನೊಂದು ಸಲ ಹಾಕಿ, ಹೊಸ ಕಂಪನಿಯ ವಿಮೆ ಮೊದಲ ದಿನದಿಂದ ಇದೆಯಾ ನೋಡಿ, ಆಮೇಲೆ ತೀರ್ಮಾನಿಸಿ. ರಾಜೀನಾಮೆ ಕೊಟ್ಟ ಮೇಲೆ ಗೊತ್ತಾದರೆ ಹುಷಾರಾಗಿರಬೇಕು. ಹಳೆ ಕಂಪನಿಯ ಕೊನೆ ದಿನ ಮತ್ತು ಹೊಸ ಕಂಪನಿಯ ಮೊದಲ ದಿನದ ನಡುವೆ ನೀವು ಯಾರ ಉದ್ಯೋಗಿಯೂ ಅಲ್ಲ. ರಜೆಯ ಹಕ್ಕಿಲ್ಲ, ಕಂಪನಿಯ ವಿಮೆ ಇಲ್ಲ. ಆ ನಡುವಿನ ದಿನಗಳನ್ನು ಆದಷ್ಟು ಕಮ್ಮಿ ಮಾಡಿ, ಶುಕ್ರವಾರ ಬಿಟ್ಟು ಸೋಮವಾರ ಸೇರುವಂತೆ ನೋಡಿಕೊಳ್ಳಿ. ಊರಿಗೆ ಹೋಗಿ ಹದಿನೈದು ದಿನ ಇದ್ದು ಬರುವ ಆಸೆ ಆಮೇಲೆ ತೀರಿಸಿಕೊಳ್ಳಬಹುದು.

ಹೊಸ ಕಂಪನಿಗೆ ಯಾವಾಗ ಹೇಳಬೇಕು? ನನ್ನ ಸಲಹೆ: ನೇಮಕಾತಿ ಪತ್ರ ಕೈಗೆ ಬಂದು, ಕೆಲಸಕ್ಕೆ ಸೇರಿ, ಮೊದಲ ಮೂರು ತಿಂಗಳ ಸ್ಕ್ಯಾನ್ ಸರಿಯಾಗಿದೆ ಅಂತ ವೈದ್ಯರು ಹೇಳಿದ ಮೇಲೆ. ಮೊದಲು ಮ್ಯಾನೇಜರ್‌ಗೆ ಎದುರಲ್ಲಿ ಹೇಳಿ, ಅದೇ ದಿನ ಎಚ್‌ಆರ್‌ಗೆ ಮೇಲ್ ಹಾಕಿ. ಮೇಲ್‌ನಲ್ಲಿ ಹೆರಿಗೆಯ ಅಂದಾಜು ದಿನ, ಯಾವ ದಿನದಿಂದ ರಜೆ ಬೇಕು, ವೈದ್ಯರ ಪತ್ರ, ಇಷ್ಟು ಇರಲಿ. ಆ ಮೇಲ್‌ನ ಒಂದು ಪ್ರತಿಯನ್ನು ನಿಮ್ಮ ಸ್ವಂತ ಮೇಲ್‌ಗೂ ಕಳಿಸಿಕೊಳ್ಳಿ. ಕಂಪನಿಯ ಲ್ಯಾಪ್‌ಟಾಪ್ ವಾಪಸ್ ಕೊಡಬೇಕಾಗಿ ಬಂದರೆ ಇದೇ ನಿಮ್ಮ ದಾಖಲೆ. ಸಂಬಳದ ಚೀಟಿ ಮತ್ತು ಹಾಜರಿಯ ವಿವರವನ್ನೂ ಪ್ರತಿ ತಿಂಗಳು ಇಳಿಸಿಟ್ಟುಕೊಳ್ಳಿ, 80 ದಿನ ಕೆಲಸ ಮಾಡಿದ್ದೀರಿ ಅಂತ ತೋರಿಸಲು ಬೇಕಾಗುವುದು ಅದೇ.